ಕಾಣದ ದ್ರವ್ಯವೋ, ತಿದ್ದಬೇಕಾದ ಸೂತ್ರವೋ?

ಬುಧ ಗ್ರಹ ಸೂರ್ಯನನ್ನು ಸುತ್ತುವ ವೇಗ ಸೆಕೆಂಡಿಗೆ ಸುಮಾರು 47 ಕಿ.ಮೀ. ದೂರದ ನೆಪ್ಚೂನ್‌ನದು 5 ಕಿ.ಮೀ. ಚಿಲ್ಲರೆ. ದೂರ ಹೋದಷ್ಟೂ ಸೆಳೆತ ಕಡಿಮೆ, ಓಟ ನಿಧಾನ. ಗೆಲಾಕ್ಸಿಯ ಅಂಚಿನಲ್ಲೂ ಹೀಗೇ ಇರಬೇಕಲ್ಲವೇ?

ಖಗೋಳವಿಜ್ಞಾನಿ ವೆರಾ ರೂಬಿನ್ ಅಳೆದು ನೋಡಿದರು. ಸಹೋದ್ಯೋಗಿ ಕೆಂಟ್ ಫೋರ್ಡ್ ಕಟ್ಟಿದ ರೋಹಿತದರ್ಶಕವನ್ನು ದೂರದರ್ಶಕಕ್ಕೆ ಜೋಡಿಸಿ, ಆಂಡ್ರೊಮಿಡಾ ಗೆಲಾಕ್ಸಿಯ ಅನಿಲ ಮೋಡಗಳ ಬೆಳಕನ್ನು ಒಂದೊಂದಾಗಿ ಛಾಯಾಚಿತ್ರ ಫಲಕದ ಮೇಲೆ ಹಿಡಿದರು. ಬೆಳಕಿನ ಗೆರೆ ತನ್ನ ಜಾಗದಿಂದ ಕೂದಲೆಳೆಯಷ್ಟು ಸರಿದಿರುತ್ತದೆ. ಆ ಸರಿತವೇ ಮೋಡದ ವೇಗ ಹೇಳುತ್ತದೆ. 1970ರಲ್ಲಿ ಪ್ರಕಟವಾದ ಈ ಅಳತೆಯಲ್ಲಿ ಅಂಚಿನ ಮೋಡಗಳ ವೇಗ ನಿರೀಕ್ಷೆಯಂತೆ ಇಳಿದಿರಲಿಲ್ಲ. ಮುಂದೆ ಹತ್ತಾರು ಗೆಲಾಕ್ಸಿಗಳಲ್ಲೂ ಇದೇ ಕಥೆ. ಕಣ್ಣಿಗೆ ಕಾಣುವ ನಕ್ಷತ್ರಗಳ ಸೆಳೆತವೊಂದೇ ಆಗಿದ್ದರೆ ಅಂಚಿನ ಮೋಡಗಳು ಎಂದೋ ಚದುರಿಹೋಗಬೇಕಿತ್ತು.

ಹಾಗಾದರೆ ಹಿಡಿದಿಟ್ಟಿರುವುದು ಯಾವುದು? ಕಾಣದ ಕಪ್ಪು ದ್ರವ್ಯ ಎನ್ನುತ್ತಾರೆ ಬಹುಪಾಲು ವಿಜ್ಞಾನಿಗಳು. ಅಂಥ ದ್ರವ್ಯವೇ ಇಲ್ಲ, ಸೆಳೆತ ತೀರಾ ಕ್ಷೀಣವಾದಲ್ಲಿ ನ್ಯೂಟನ್ನನ ಸೂತ್ರವೇ ಬದಲಾಗುತ್ತದೆ ಎಂದರು ಇಸ್ರೇಲಿನ ಮೊರ್ದೆಹಾಯ್ ಮಿಲ್‌ಗ್ರೋಮ್, 1983ರಲ್ಲಿ.

ಇತಿಹಾಸ ಎರಡೂ ಕಡೆಗೆ ಸಾಕ್ಷಿ ನುಡಿಯುತ್ತದೆ. ಯುರೇನಸ್ ದಾರಿ ತಪ್ಪಿದ್ದನ್ನು ಕಂಡು ಫ್ರಾನ್ಸಿನ ಖಗೋಳವಿಜ್ಞಾನಿ ಲೆವೆರ್ಯೇ ಕಾಣದ ಗ್ರಹವೊಂದನ್ನು ಲೆಕ್ಕ ಹಾಕಿದ. 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ದಾರಿಯ ಸಣ್ಣ ವ್ಯತ್ಯಾಸಕ್ಕೂ ಆತ ಇನ್ನೊಂದು ಗ್ರಹವನ್ನೇ ಊಹಿಸಿದ. ಅದು ಸಿಗಲೇ ಇಲ್ಲ. 1915ರಲ್ಲಿ ಐನ್‌ಸ್ಟೈನ್ ಗುರುತ್ವದ ಸೂತ್ರವನ್ನೇ ಹೊಸದಾಗಿ ಬರೆದಾಗ ಲೆಕ್ಕ ಸರಿಹೋಯಿತು.

ಈ ಸಲ ತಕ್ಕಡಿ ಕಪ್ಪು ದ್ರವ್ಯದ ಕಡೆಗೇ ವಾಲಿದೆ ಎಂದು ನನಗನಿಸುತ್ತದೆ. ‘ಬುಲೆಟ್ ಕ್ಲಸ್ಟರ್’ ಎಂಬಲ್ಲಿ ಗೆಲಾಕ್ಸಿಗಳ ಎರಡು ಗುಂಪುಗಳು ಡಿಕ್ಕಿ ಹೊಡೆದಿವೆ. ಅವುಗಳ ಕಾಣುವ ದ್ರವ್ಯದ ಬಹುಪಾಲಾದ ಬಿಸಿ ಅನಿಲ ಹಿಂದೆ ಉಳಿದಿದೆ. ಸೆಳೆತದ ಕೇಂದ್ರ ಮಾತ್ರ ಅನಿಲವನ್ನು ಬಿಟ್ಟು ಮುಂದೆ ಸಾಗಿರುವುದು 2006ರಲ್ಲಿ ಸ್ಪಷ್ಟವಾಯಿತು. ಸೂತ್ರ ತಿದ್ದಿದ ಮಾತ್ರಕ್ಕೆ ಇದಕ್ಕೆ ಉತ್ತರ ಸಿಗುವುದು ಕಷ್ಟ. ಆದರೂ ಒಂದೊಂದೇ ಗೆಲಾಕ್ಸಿಯನ್ನು ತೆಗೆದುಕೊಂಡರೆ ಮಿಲ್‌ಗ್ರೋಮ್ ಲೆಕ್ಕ ಅಚ್ಚರಿಯಾಗುವಷ್ಟು ಸರಿಹೊಂದುತ್ತದೆ. ಅದನ್ನು ತಳ್ಳಿಹಾಕುವುದು ಅವಸರವಾದೀತು. ಇತ್ತ ಅಮೆರಿಕದ ದಕ್ಷಿಣ ಡಕೋಟಾದ ಹಳೆಯ ಚಿನ್ನದ ಗಣಿಯೊಂದರಲ್ಲಿ, ನೆಲದಿಂದ ಸುಮಾರು ಒಂದೂವರೆ ಕಿ.ಮೀ. ಆಳದಲ್ಲಿ, ಟನ್‌ಗಟ್ಟಲೆ ದ್ರವ ಝೆನಾನ್ ತುಂಬಿಟ್ಟು ವಿಜ್ಞಾನಿಗಳು ಕಪ್ಪು ದ್ರವ್ಯದ ಕಣಕ್ಕಾಗಿ ಕಾಯುತ್ತಿದ್ದಾರೆ. ಕಣ ಇನ್ನೂ ಸಿಕ್ಕಿಲ್ಲ.

ರೂಬಿನ್ 2016ರಲ್ಲಿ ತೀರಿಕೊಂಡರು. ನೊಬೆಲ್ ಅವರಿಗೆ ಬರಲಿಲ್ಲ. ಅವರ ಹೆಸರು ಹೊತ್ತ ವೀಕ್ಷಣಾಲಯ ಚಿಲಿಯ ಬೆಟ್ಟದ ಮೇಲೆ ಎದ್ದು ನಿಂತು, 2025ರ ಜೂನ್‌ನಲ್ಲಿ ತನ್ನ ಮೊದಲ ಚಿತ್ರಗಳನ್ನು ಜಗತ್ತಿಗೆ ತೋರಿಸಿತು.