ಮನೆಯಲ್ಲೇ ಪೌಡರ್ ಕೋಟಿಂಗ್, ಪ್ಲೇಟಿಂಗ್: ಕಾರಿನ ಯಾವ ಪಾರ್ಟ್‌ಗೆ ಓಕೆ, ಯಾವುದಕ್ಕೆ ಬೇಡ?

(ಪಾಡ್‌ಕಾಸ್ಟ್ ಎಪಿಸೋಡ್‌ನ ಬರಹ ರೂಪ. ಓದಲು ಅನುಕೂಲವಾಗುವಂತೆ ಚಿಕ್ಕದು ಮಾಡಲಾಗಿದೆ.)

ಹಳೇ ಮಾರುತಿ 800 ಒಂದನ್ನ ಮತ್ತೆ ರಸ್ತೆಗೆ ಇಳಿಸ್ಬೇಕು ಅಂತ ಹೊರಟಿದ್ದೀರಿ ಅಂದ್ಕೊಳ್ಳಿ. ಎಂಜಿನ್ ಚೆನ್ನಾಗಿದೆ. ಆದ್ರೆ ಬಾನೆಟ್ ಎತ್ತಿದ್ರೆ ಬ್ಯಾಟರಿ ಟ್ರೇ, ಬ್ರಾಕೆಟ್, ಬೋಲ್ಟು ಎಲ್ಲಾ ತುಕ್ಕು. ಯೂಟ್ಯೂಬ್‌ನಲ್ಲಿ ನೋಡಿದ್ರೆ ಇದನ್ನೆಲ್ಲ ಗ್ಯಾರೇಜ್‌ನಲ್ಲೇ ಹೊಸದು ಮಾಡ್ಬಹುದು ಅಂತಾರೆ. ನಿಜಾನಾ? ಅರ್ಧ ನಿಜ. ಉಳಿದರ್ಧದ ಬಗ್ಗೆ ಇವತ್ತು ಮಾತಾಡೋಣ.

ಪೌಡರ್ ಕೋಟಿಂಗ್ ಅಂದ್ರೇನು?

ಇದು ದ್ರವ ಇಲ್ಲದ ಪೇಂಟ್. ಬಣ್ಣ ಮತ್ತು ಪ್ಲಾಸ್ಟಿಕ್‌ನಂಥ ರೆಸಿನ್ ಸೇರಿದ ನುಣ್ಣನೆ ಪುಡಿ. ಗನ್ ಈ ಪುಡಿಗೆ ವಿದ್ಯುತ್ ಚಾರ್ಜ್ ಕೊಡುತ್ತೆ, ಪಾರ್ಟ್‌ಗೆ ಅರ್ಥಿಂಗ್ ಕೊಟ್ಟಿರ್ತೀವಿ. ತಲೆಗೆ ಉಜ್ಜಿದ ಬಲೂನ್‌ಗೆ ಕೂದಲು ಅಂಟಿಕೊಳ್ಳೋ ಹಾಗೆ ಪುಡಿ ಹೋಗಿ ಲೋಹಕ್ಕೆ ಅಂಟಿಕೊಳ್ಳುತ್ತೆ. ಆಮೇಲೆ ಓವನ್‌ನಲ್ಲಿ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 10ರಿಂದ 20 ನಿಮಿಷ. ಈ ಲೆಕ್ಕ ಶುರುವಾಗೋದು ಪಾರ್ಟ್ ಅಷ್ಟು ಬಿಸಿಯಾದ ಮೇಲೆ, ಓವನ್ ಆನ್ ಮಾಡಿದಾಗಿಂದ ಅಲ್ಲ.

ಹಳೇ ಓಟಿಜಿ ಬಳಸ್ತೀರಾ? ಬಳಸಿ. ಆದ್ರೆ ಆ ಓವನ್‌ನಲ್ಲಿ ಮತ್ತೆ ಯಾವತ್ತೂ ಅಡುಗೆ ಮಾಡೋ ಹಾಗಿಲ್ಲ. ಮಾಸ್ಕ್ ಹಾಕಿ, ಗಾಳಿಯಾಡೋ ಜಾಗದಲ್ಲಿ ಕೆಲಸ ಮಾಡಿ. ಗಾಳಿಯಲ್ಲಿ ಹಾರಾಡೋ ಪುಡಿಗೆ ಒಂದು ಕಿಡಿ ಸಿಕ್ಕರೂ ಬೆಂಕಿ ಹೊತ್ತಿಕೊಳ್ಳಬಹುದು.

ಪ್ಲೇಟಿಂಗ್ ಹೇಗೆ ಬೇರೆ?

ಇಲ್ಲಿ ದ್ರಾವಣದೊಳಗೆ ಕರೆಂಟ್ ಹರಿಸಿ, ಒಂದು ಲೋಹದ ಮೇಲೆ ಇನ್ನೊಂದು ಲೋಹದ ಪದರ ಕೂರಿಸ್ತೀವಿ. ಬೋಲ್ಟ್‌ಗಳಿಗೆ ಸಾಮಾನ್ಯವಾಗಿ ಸತು, ಅಂದ್ರೆ ಝಿಂಕ್.

ವ್ಯತ್ಯಾಸ ಗೊತ್ತಾಗೋದು ಗೀರು ಬಿದ್ದಾಗ. ಪೌಡರ್ ಪದರ ಒಡೆದರೆ ನೀರು ಒಳಗೆ ಹೋಗಿ, ಕೆಳಗಡೆಯೇ ತುಕ್ಕು ಹರಡುತ್ತೆ. ಸತು ಹಾಗಲ್ಲ. ಗೀರು ಬಿದ್ದ ಜಾಗದಲ್ಲೂ ಮೊದಲು ತಾನು ಸವೆದು, ಉಕ್ಕನ್ನ ಉಳಿಸುತ್ತೆ. ದಪ್ಪದಲ್ಲೂ ವ್ಯತ್ಯಾಸ ಇದೆ: ಪೌಡರ್ ಸುಮಾರು 60ರಿಂದ 80 ಮೈಕ್ರಾನ್, ಸತು ಸುಮಾರು 8 ಮೈಕ್ರಾನ್. ಬೋಲ್ಟ್‌ನ ಮರೆಗೆ ಪೌಡರ್ ಹಾಕಿದ್ರೆ ನಟ್ಟೇ ಕೂರಲ್ಲ. ಹಾಗಾಗಿ ಬ್ರಾಕೆಟ್, ಟ್ರೇಗೆ ಪೌಡರ್. ಬೋಲ್ಟ್, ಕ್ಲಿಪ್‌ಗೆ ಸತು.

ಎಲ್ಲಿ ಕೈ ಹಾಕಬಾರದು?

ಒಂದು, ಗಟ್ಟಿ ಬೋಲ್ಟ್‌ಗಳು. ಬೋಲ್ಟ್ ತಲೆ ಮೇಲೆ 8.8, 10.9, 12.9 ಅಂತ ನಂಬರ್ ಇರುತ್ತೆ. ಪ್ಲೇಟಿಂಗ್ ಮತ್ತು ಆಸಿಡ್ ತೊಳೆತದಲ್ಲಿ ಹುಟ್ಟೋ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಳ್ಳುತ್ತೆ. ನಂಬರ್ ದೊಡ್ಡದಾದಷ್ಟೂ ಉಕ್ಕು ಗಟ್ಟಿ, ಇದರಿಂದ ಪೆಡಸಾಗೋ ಅಪಾಯವೂ ಜಾಸ್ತಿ. ಬಿಗಿ ಮಾಡಿದಾಗ ಏನೂ ಆಗಲ್ಲ, ದಿನಗಳಾದ ಮೇಲೆ ಪಟ್ ಅಂತ ಮುರಿಯುತ್ತೆ. ಸಸ್ಪೆನ್ಷನ್, ಬ್ರೇಕ್, ಸೀಟ್ ಬೆಲ್ಟ್ ಬೋಲ್ಟ್‌ಗಳನ್ನ ಹೊಸದಾಗಿ ಕೊಂಡುಕೊಳ್ಳಿ.

ಎರಡು, ಅಲಾಯ್ ವೀಲ್. ಅಲ್ಯೂಮಿನಿಯಂಗೆ ಶಕ್ತಿ ಬಂದಿರೋದೇ ಲೆಕ್ಕಾಚಾರದ ಶಾಖದಿಂದ. ಮನೆ ಓವನ್‌ನಲ್ಲಿ ಮಿತಿ ಮೀರಿ ಬಿಸಿ ಮಾಡಿದ್ರೆ ಆ ಶಕ್ತಿ ಕುಗ್ಗಬಹುದು. ನಟ್ ಕೂರೋ ಜಾಗದಲ್ಲಿ ಪೌಡರ್ ಇದ್ರೆ, ಅದು ಅಮುಕಿಕೊಂಡು ವೀಲ್ ನಟ್ ಸಡಿಲ ಆಗಬಹುದು.

ಮೂರು, ಕ್ರೋಮ್. ಮನೆಯಲ್ಲಿ ಬೇಡವೇ ಬೇಡ. ಸಾಂಪ್ರದಾಯಿಕ ಕ್ರೋಮ್ ಪ್ಲೇಟಿಂಗ್‌ನಲ್ಲಿ ಬಳಸೋ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್‌ಕಾರಕ. ನಮ್ಮಲ್ಲಿ ಕುಡಿಯೋ ನೀರಿನಲ್ಲಿ ಕ್ರೋಮಿಯಂ ಮಿತಿ ಲೀಟರ್‌ಗೆ 0.05 ಮಿಲಿಗ್ರಾಂ. ಲೆಕ್ಕ ಹಾಕಿ: 1 ಗ್ರಾಂ ಚರಂಡಿಗೆ ಹೋದ್ರೆ 20,000 ಲೀಟರ್ ನೀರು ಆ ಮಿತಿ ಮುಟ್ಟುತ್ತೆ. 6,000 ಲೀಟರ್ ಟ್ಯಾಂಕರ್ ಮೂರಕ್ಕಿಂತ ಜಾಸ್ತಿ! ಪ್ಲೇಟಿಂಗ್ ಘಟಕಗಳು ತುಂಬಿರೋ ಬೆಂಗಳೂರಿನ ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರೋದು ದಾಖಲಾಗಿದೆ. ಬೋರ್‌ವೆಲ್ ನಂಬಿದ ಊರಿಗೆ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಮಾತು. ತುಕ್ಕು ತೆಗೆಯೋಕೆ ವಾಷಿಂಗ್ ಸೋಡಾ ನೀರಿನಲ್ಲಿ ಕರೆಂಟ್ ಬಿಡ್ತಾರಲ್ಲ, ಅದಕ್ಕೆ ಸ್ಟೀಲ್ ಚಮಚ, ತಟ್ಟೆ ಬಳಸ್ಬೇಡಿ. ಸ್ಟೇನ್‌ಲೆಸ್ ಸ್ಟೀಲ್‌ನಿಂದ ಇದೇ ಕ್ರೋಮಿಯಂ ಹೊರಗೆ ಬರುತ್ತೆ. ಸಾದಾ ಕಬ್ಬಿಣ ಸಾಕು.

ಹಾಗಾದ್ರೆ ಶುರು ಎಲ್ಲಿಂದ?

ಬ್ಯಾಟರಿ ಟ್ರೇಯಿಂದ. ಎಣ್ಣೆ ಜಿಡ್ಡು ಪೂರ್ತಿ ತೆಗೀರಿ, ಬರೀ ಲೋಹ ಕಾಣೋವರೆಗೂ ತುಕ್ಕು ಉಜ್ಜಿ. ಕೋಟಿಂಗ್ ಕಿತ್ತು ಬರೋದಕ್ಕೆ ಹೆಚ್ಚಾಗಿ ಈ ತಯಾರಿ ಸರಿ ಇಲ್ಲದಿರೋದೇ ಕಾರಣ. ಬಳಸಿದ ಸತುವಿನ ದ್ರಾವಣವನ್ನೂ ಸಿಂಕ್‌ಗೆ ಸುರಿಯಬೇಡಿ. ಕ್ಯಾನ್‌ನಲ್ಲಿ ತುಂಬಿಸಿ, ತ್ಯಾಜ್ಯ ಶುದ್ಧೀಕರಣ ಇರೋ ಪ್ಲೇಟಿಂಗ್ ಘಟಕದವರು ತಗೋತಾರಾ ಅಂತ ಕೇಳಿ.

ನಿಮ್ಮ ಗ್ಯಾರೇಜ್‌ನಲ್ಲಿ ಯಾವ ಪಾರ್ಟ್ ಕಾಯ್ತಾ ಇದೆ? ಕೈ ಹಾಕೋ ಮೊದಲು ಬೋಲ್ಟ್ ತಲೆ ಮೇಲಿನ ನಂಬರ್ ಒಮ್ಮೆ ನೋಡಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.