ರೊಟ್ಟಿ ಬಿಡಬೇಕೆ, ಕಡಿಮೆ ಮಾಡಬೇಕೆ?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಊಟವೆಂದರೆ ಜೋಳದ ರೊಟ್ಟಿ, ತೊಗರಿ ಬ್ಯಾಳಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಮೊಬೈಲಿನಲ್ಲಿ ಹರಿದಾಡುವ ‘ಕೀಟೊ’ ವಿಡಿಯೊಗಳು ಹೇಳುವುದೇ ಬೇರೆ: ರೊಟ್ಟಿ, ಅನ್ನ ಬಿಟ್ಟುಬಿಡಿ, ತುಪ್ಪ, ಮೊಟ್ಟೆ, ಮಾಂಸ ತಿನ್ನಿ, ತೂಕದ ಜೊತೆ ಶುಗರೂ ಇಳಿಯುತ್ತದೆ.

ಈ ಪಥ್ಯಕ್ಕೆ ನೂರು ವರ್ಷ ದಾಟಿದೆ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಇದನ್ನು ಸೂಚಿಸಿದ್ದು ಮೂರ್ಛೆರೋಗಕ್ಕೆ. ದಿನದ ಪಿಷ್ಟ ಸುಮಾರು 50 ಗ್ರಾಂಗಿಂತ ಕೆಳಗಿಳಿದರೆ ಯಕೃತ್ತು ಕೊಬ್ಬಿನಿಂದ ಕೀಟೋನ್ ತಯಾರಿಸತೊಡಗುತ್ತದೆ. ಮಿದುಳಿಗೂ ಅದೇ ಇಂಧನವಾಗುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲೇ 70 ಗ್ರಾಂ ಆಸುಪಾಸು ಪಿಷ್ಟವಿದೆ. ಹಾಗಾಗಿ ರೊಟ್ಟಿ ಉಣ್ಣುವವರಿಗೆ ಕೀಟೊ ಒಗ್ಗುವುದಿಲ್ಲ.

ಮೊದಲ ಕೆಲವು ತಿಂಗಳು ತೂಕ, ಶುಗರ್ ಎರಡೂ ಇಳಿಯುವುದು ನಿಜ. ವರ್ಷ ಕಳೆಯುವಷ್ಟರಲ್ಲಿ ಬೇರೆ ಪಥ್ಯ ಮಾಡಿದವರಿಗೂ ಇವರಿಗೂ ಅಂತರ ಕಿರಿದಾಗುತ್ತದೆ. ತುಪ್ಪ, ಮಾಂಸ ಹೆಚ್ಚಿದಾಗ ಹಲವರಲ್ಲಿ ರಕ್ತನಾಳ ಕಟ್ಟಿಸುವ ಎಲ್‌ಡಿಎಲ್ ಕೊಲೆಸ್ಟ್ರಾಲ್ ಏರುತ್ತದೆ.

ಸುಮಾರು 15,400 ಅಮೆರಿಕನ್ನರನ್ನು 25 ವರ್ಷ ಗಮನಿಸಿದ ಅಧ್ಯಯನವೊಂದು 2018ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ನಲ್ಲಿ ಪ್ರಕಟವಾಯಿತು. ಕ್ಯಾಲರಿಯ ಶೇ 50ರಿಂದ 55ರಷ್ಟನ್ನು ಪಿಷ್ಟದಿಂದ ಪಡೆದವರಲ್ಲಿ ಸಾವಿನ ಪ್ರಮಾಣ ಎಲ್ಲಕ್ಕಿಂತ ಕಡಿಮೆಯಿತ್ತು. ಪಿಷ್ಟ ಇಳಿಸಿ ಮಾಂಸ ಹೆಚ್ಚಿಸಿದವರಲ್ಲಿ ಅದು ಏರಿತ್ತು. ಕಾಯಿಪಲ್ಯೆ, ಬೀಜಗಳನ್ನು ತಿಂದವರಲ್ಲಿ ಇಳಿದಿತ್ತು.

ನಮ್ಮ ಸಮಸ್ಯೆ ಇನ್ನೊಂದು ತುದಿಯದು. ಐಸಿಎಂಆರ್-ಇಂಡಿಯಾಬ್ ಮಧುಮೇಹ ಸಮೀಕ್ಷೆಯ ಪ್ರಕಾರ ಭಾರತೀಯರ ಕ್ಯಾಲರಿಯಲ್ಲಿ ಶೇ 62ರಷ್ಟು ಪಿಷ್ಟದ್ದೇ. ಅಕ್ಕಿಯ ಬದಲು ಗೋಧಿ, ಸಿರಿಧಾನ್ಯ ತಿಂದರಷ್ಟೇ ಸಾಲದು, ಒಟ್ಟು ಪಿಷ್ಟವೇ ಇಳಿಯಬೇಕು ಎಂದು 2025ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆ ಹೇಳಿದೆ. ಜೋಳದ್ದಾದರೆ ಎಷ್ಟು ತಿಂದರೂ ನಡೆದೀತು ಎನ್ನುವವರು ಇದನ್ನು ಗಮನಿಸಬೇಕು.

ಪರಿಹಾರ ಈ ಭಾಗದ ಹೊಲದಲ್ಲೇ ಇದೆ. 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಕಲಬುರಗಿ ತೊಗರಿಯನ್ನೇ ನೋಡಿ: ನೂರು ಗ್ರಾಂ ತೊಗರಿ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇರುತ್ತದೆ. ಶೇಂಗಾದ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಹಿತವಾದ ಅಪರ್ಯಾಪ್ತ ಕೊಬ್ಬು. ನಾಲ್ಕು ರೊಟ್ಟಿ ಉಣ್ಣುವವರು ಎರಡಕ್ಕಿಳಿಸಿ, ಬ್ಯಾಳಿ ಗಟ್ಟಿಯಾಗಿಸಿ, ಪುಂಡಿ ಇಲ್ಲವೇ ಮೆಂತ್ಯೆ ಪಲ್ಯ ಹೆಚ್ಚಿಸಿ, ಮೇಲೊಂದಿಷ್ಟು ಹಿಂಡಿ, ಮೊಸರು ಹಾಕಿಕೊಂಡರೆ ಹೊಟ್ಟೆಯೂ ತುಂಬುತ್ತದೆ, ಪಿಷ್ಟವೂ ಇಳಿಯುತ್ತದೆ.

ಒಂದು ಎಚ್ಚರಿಕೆ. ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ತೆಗೆದುಕೊಳ್ಳುವವರು ಒಮ್ಮೆಲೇ ರೊಟ್ಟಿ ಬಿಟ್ಟರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು. ಡಪಾಗ್ಲಿಫ್ಲೊಜಿನ್‌ನಂಥ ಮಾತ್ರೆ ನುಂಗುವವರಲ್ಲಿ ಶುಗರ್ ಹೆಚ್ಚು ಏರದಿದ್ದರೂ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯ ಒದಗಬಹುದು. ಪಥ್ಯ ಬದಲಿಸುವ ಮೊದಲು ನಿಮ್ಮ ಮಾತ್ರೆ ಚೀಟಿಯನ್ನು ವೈದ್ಯರಿಗೆ ತೋರಿಸಿ.