ಆಜ್ಞಾಲೇಖನದಲ್ಲಿ ಪದಚ್ಛೇದದ ದೋಷ

ಗಣಕಯಂತ್ರದ ಕಡತಗಳನ್ನು ಎಣಿಸುವ, ನಕಲಿಸುವ, ಅಳಿಸುವ ಆಜ್ಞೆಗಳನ್ನು ಸಾಲಾಗಿ ಬರೆದಿಟ್ಟುದಕ್ಕೆ ಶೆಲ್ ಸ್ಕ್ರಿಪ್ಟ್ ಎಂದು ಹೆಸರು. ಇದನ್ನು 1989ರಲ್ಲಿ ಹೊರಬಂದ ಬ್ಯಾಷ್ ಮೊದಲಾದವುಗಳ ಭಾಷೆಯಲ್ಲಿ ಬರೆಯುವುದು ವಾಡಿಕೆ. ಒಂದೆರಡು ಆಜ್ಞೆಗಳಿಗೆ ಅದು ಸಾಕು. ಗ್ರಂಥಪಾಠಗಳನ್ನು ಕಾಯುವವರಿಗಾದರೋ ಪೈಥಾನ್‌ನಂತಹ ಸರ್ವಸಾಧಾರಣ ಭಾಷೆಯೇ ಲೇಸೆಂದು ನನ್ನ ಮತ.

ವಿಜಯಪುರ ಸೀಮೆಯ ಶಾಸನಪಾಠಗಳನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಫೋಲ್ಡರುಗಳಲ್ಲಿ ಇರಿಸಿದೆವೆನ್ನಿ. ಈ ಹೆಸರುಗಳ ಪಟ್ಟಿಯನ್ನು ಉದ್ಧರಣಚಿಹ್ನೆಯಿಲ್ಲದೆ ಓದಿಸಿದರೆ ಬ್ಯಾಷ್ ಐದನ್ನು ಎಣಿಸುವುದು. 'ಬಸವನ' ಎಂಬ ಷಷ್ಠ್ಯಂತವೂ 'ಬಾಗೇವಾಡಿ'ಯೂ ಕೂಡಿ ಒಂದೇ ಊರೆಂಬ ಅನ್ವಯವು ಅದಕ್ಕೆ ತಿಳಿಯದು. ಪದಪಾಠಕಾರನು ಅರ್ಥವನ್ನರಿತು ಬಿಡಿಸುವನು. ಬ್ಯಾಷ್ ತೆರಪನ್ನಷ್ಟೇ ಕಂಡು ಬಿಡಿಸುವುದು. ನಕಲಿಸುವಾಗ ಇದರಿಂದ ಹಾನಿ ಅಲ್ಪ. ಹಳೆಯ ಪ್ರತಿಗಳನ್ನು ಅಳಿಸುವ ಆಜ್ಞೆಯಾದರೆ, ಪಕ್ಕದಲ್ಲಿ 'ಬಸವನ' ಎಂಬ ಬೇರೊಂದು ಫೋಲ್ಡರಿದ್ದಲ್ಲಿ ಅದೇ ನಷ್ಟವಾಗಿ, ಅಳಿಯಬೇಕಾದುದು ಉಳಿಯುವುದು. ಉದ್ಧರಣಚಿಹ್ನೆಯಿಂದ ದೋಷಪರಿಹಾರವಾಗುವುದು ನಿಜ. ಆದರೆ ಹೆಸರು ಬಂದೆಡೆಯಲ್ಲೆಲ್ಲ ಅದನ್ನು ಇಡತಕ್ಕದ್ದು. ಮರೆತುದನ್ನು ಬ್ಯಾಷ್ ಮುಂಚಿತವಾಗಿ ತಿಳಿಸದು.

ಪೈಥಾನ್‌ನ ಪಟ್ಟಿಯಲ್ಲಿಟ್ಟ ಹೆಸರು, ಎಷ್ಟು ತೆರಪುಗಳಿದ್ದರೂ, ಒಂದೇ ವಸ್ತು. 2015ರ 3.5ನೆಯ ಆವೃತ್ತಿಯಲ್ಲಿ ಬಂದ 'ಸಬ್‌ಪ್ರೊಸೆಸ್.ರನ್' ಎಂಬ ಸಾಧನಕ್ಕೆ ಆಜ್ಞೆಯನ್ನೂ ಹೆಸರುಗಳನ್ನೂ ಪಟ್ಟಿಯಾಗಿ ಒಪ್ಪಿಸಿದರೆ, ಒಡೆಯುವ ಶೆಲ್ ನಡುವೆ ಬರುವುದೇ ಇಲ್ಲ. ಎರಡು ಎಚ್ಚರಿಕೆಗಳುಂಟು. ಅದರ 'ಚೆಕ್' ಎಂಬ ಅಂಗವನ್ನು ಸತ್ಯವೆಂದು ಬರೆಯದಿದ್ದರೆ, ಆಜ್ಞೆ ವಿಫಲವಾದರೂ ಮುಂದಿನ ಕಾರ್ಯ ನಿಲ್ಲದೆ ಸಾಗುವುದು. 'ಶೆಲ್' ಎಂಬ ಅಂಗವನ್ನು ಸತ್ಯವೆಂದು ಬರೆದು ಆಜ್ಞೆಯನ್ನು ಒಂದೇ ಸಾಲಾಗಿ ಕೊಟ್ಟರೆ, ಬಾಗೇವಾಡಿಯು ಬಸವನಿಂದ ಮತ್ತೆ ಅಗಲುವುದು.